ಆಣೆಯೂ ಸಭೆಯೂ: ಪಾನಮುಕ್ತರ ಸಂಘಗಳನ್ನು ಕುರಿತು

ಕುಡಿತವನ್ನು ಬಿಡಿಸುವ ಉಪಾಯಗಳ ಪೈಕಿ ನಮ್ಮ ನಾಡು ಬಹುಕಾಲದಿಂದ ನಂಬಿಕೊಂಡು ಬಂದಿರುವುದು ಆಣೆಯನ್ನು. ಮನೆದೇವರ ಮುಂದೆ ಕರ್ಪೂರ ಹಚ್ಚಿ, ಹೆತ್ತ ಮಗುವಿನ ತಲೆಯ ಮೇಲೆ ಕೈಯಿರಿಸಿ, ಇನ್ನು ಮುಟ್ಟುವುದಿಲ್ಲವೆಂದು ಕುಡುಕನ ಬಾಯಿಂದ ಹೇಳಿಸಿಬಿಟ್ಟರೆ ಕಾರ್ಯ ಕೈಗೂಡಿತೆಂದು ಹೆಂಡತಿಯೂ, ತಾಯಿಯೂ, ಊರ ಹಿರಿಯರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಆಣೆಯಿಡುವವನು ಆ ಗಳಿಗೆಯಲ್ಲಿ ಸುಳ್ಳಾಡುತ್ತಾನೆಂದು ತಿಳಿಯಬೇಕಾಗಿಲ್ಲ; ಅವನ ಕಣ್ಣೀರು ಬಹುಶಃ ನಿಜವಾದದ್ದೇ. ಆದರೆ ಆಣೆಯೆಂಬುದು ಒಂದು ಗಳಿಗೆಯ ಕ್ರಿಯೆ. ವ್ಯಸನವಾದರೋ ದಿನದಿನದ, ಅದರಲ್ಲಿಯೂ ಸಂಜೆಸಂಜೆಯ, ವ್ಯವಹಾರ. ಬೆಳಗಿನ ಮನಸ್ಸು ಕೈಗೊಂಡ ಸಂಕಲ್ಪಕ್ಕೆ ಸಂಜೆಯ ಶರೀರ ಬದ್ಧವಾಗುವುದಿಲ್ಲ. ಮೂರನೆಯ ವಾರದಲ್ಲಿ ಆಣೆ ಮುರಿದುಹೋದಾಗ, ಕುಡಿದ ತಪ್ಪಿನ ಮೇಲೆ ದೇವರಿಗೆ ಎರಡು ಬಗೆದ ತಪ್ಪೂ ಬಂದು ಸೇರಿ, ಆ ಹೊರೆಯನ್ನು ಮರೆಯುವುದಕ್ಕೋಸ್ಕರವೇ ಅವನು ಮರಳಿ ಸೀಸೆಯನ್ನು ಹಿಡಿಯುತ್ತಾನೆ.

ಈ ಗಳಿಗೆಯ ಸಂಕಲ್ಪವನ್ನು ದಿನಚರಿಯ ಶಿಸ್ತಾಗಿ ಮಾರ್ಪಡಿಸುವುದು ಹೇಗೆ ಎಂಬ ಪ್ರಶ್ನೆಗೆ ಕಳೆದ ಶತಮಾನ ಕಂಡುಕೊಂಡ ಉತ್ತರಗಳಲ್ಲಿ ಅತ್ಯಂತ ಸರಳವಾದದ್ದು, ಅತ್ಯಲ್ಪ ವೆಚ್ಚದ್ದು, ಮತ್ತು ನಮ್ಮಲ್ಲಿ ಇನ್ನೂ ಅನೇಕರಿಗೆ ಅಪರಿಚಿತವಾಗಿಯೇ ಉಳಿದಿರುವಂಥದು, ಕುಡಿತವನ್ನು ಬಿಟ್ಟವರೂ ಬಿಡಬಯಸುವವರೂ ನಿಯತವಾಗಿ ಒಂದೆಡೆ ಕೂಡುವ ಸಭೆ. ಅದರ ಹುಟ್ಟು, ಅದರ ಕ್ರಮ, ಅದು ದೊರೆಯುವ ಸ್ಥಳ, ಅದರ ಫಲ ಮತ್ತು ಅದರ ಮಿತಿ ಇವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆಯ ಗಾತ್ರ

ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವ್ಯಸನಚಿಕಿತ್ಸಾ ಕೇಂದ್ರದವರು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷ ವಯಸ್ಸಿನ ಭಾರತೀಯರಲ್ಲಿ ಶೇಕಡ 14.6ರಷ್ಟು, ಎಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಇವರಲ್ಲಿ 5.7 ಕೋಟಿಗೂ ಮಿಕ್ಕಿದ ಜನಕ್ಕೆ ಕುಡಿತವು ಹಾನಿಯ ಮಟ್ಟವನ್ನೋ ಅವಲಂಬನೆಯ ಮಟ್ಟವನ್ನೋ ಮುಟ್ಟಿದೆ. ಅದೇ ಸಮೀಕ್ಷೆಯ ಮತ್ತೊಂದು ಅಂಕಿ ಇದಕ್ಕಿಂತಲೂ ಚಿಂತಾಜನಕವಾದದ್ದು: ಮದ್ಯಾವಲಂಬಿಗಳಲ್ಲಿ 38 ಮಂದಿಗೆ ಒಬ್ಬನು ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದಿದ್ದಾನೆ. ಉಳಿದ 37 ಮಂದಿ ಎಲ್ಲಿದ್ದಾರೆ? ಆಣೆಗಳ ನಡುವೆ, ಜಗಳಗಳ ನಡುವೆ, ಮನೆಯವರು ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಪುಡಿಗಳ ನಡುವೆ ಇದ್ದಾರೆ. ಕಾನೂನು ಒಂದು ಬಗೆಯ ಮದ್ಯವನ್ನು ಅಂಗಡಿಯಿಂದ ಎತ್ತಿಸಬಲ್ಲುದು; ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಕುಡಿತ ಉಳಿಯಿತು. ಅಂಗಡಿಯನ್ನು ಮುಚ್ಚಿಸುವ ಕಾರ್ಯ ಬೇರೆ, ಅಂಗಡಿಯ ಮುಂದೆ ಹಾದುಹೋಗುವ ಮನುಷ್ಯನ ಕಾಲಿಗೆ ಬಲ ಕೊಡುವ ಕಾರ್ಯ ಬೇರೆ.

ಸಭೆಯ ಹುಟ್ಟು

ಪ್ರತಿಜ್ಞೆಯಿಂದ ಸಭೆಯ ಕಡೆಗೆ ನಡೆದ ಈ ಪ್ರಯಾಣದ ಮೊದಲ ಹೆಜ್ಜೆಯನ್ನು 1840ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಕಾಣಬಹುದು. ಅಲ್ಲಿ ಒಡನಾಡಿಗಳಾಗಿದ್ದ ಆರು ಮಂದಿ ಕುಡುಕರು ತಾವೇ ಒಂದು ಪ್ರತಿಜ್ಞಾಪತ್ರ ಬರೆದು, ಜಾರ್ಜ್ ವಾಷಿಂಗ್ಟನ್ನನ ಹೆಸರಿನಲ್ಲಿ ಒಂದು ಸಂಘ ಕಟ್ಟಿ, ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುತ್ತ ಊರೂರಿಗೆ ಹೊರಟರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಪ್ರತಿಜ್ಞೆಗೆ ರುಜು ಹಾಕಿದರು. ಆದರೆ ಪಾನನಿಷೇಧದ ರಾಜಕೀಯವೂ ಮತಾಚಾರ್ಯರೊಡನೆ ವಿವಾದಗಳೂ ಒಳಹೊಕ್ಕು, ಆ ದಶಕ ಮುಗಿಯುವಷ್ಟರಲ್ಲಿ ಚಳವಳಿ ಬಹುಮಟ್ಟಿಗೆ ಕರಗಿಹೋಯಿತು. ರುಜುಗಳು ಕಾಗದದಲ್ಲಿ ಉಳಿದುವು; ರುಜು ಮಾಡಿದವನನ್ನು ಮರುವಾರ ವಿಚಾರಿಸುವವರು ಉಳಿಯಲಿಲ್ಲ.

ಸರಿಸುಮಾರು ಒಂದು ಶತಮಾನ ಕಳೆದ ಮೇಲೆ, 1935ರ ಮೇ ತಿಂಗಳಿನಲ್ಲಿ, ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಗಳಿಸಿ, ಕುಡಿತದಲ್ಲಿ ಕಳೆದುಕೊಂಡು, ಆಸ್ಪತ್ರೆ ಸೇರಿ, ಐದು ತಿಂಗಳಿಂದ ಮದ್ಯವನ್ನು ಮುಟ್ಟದೆ ಇದ್ದ ಬಿಲ್ ವಿಲ್ಸನ್ ಎಂಬಾತನು ಓಹಾಯೋ ಪ್ರಾಂತದ ಏಕ್ರನ್ ನಗರಕ್ಕೆ ವ್ಯವಹಾರನಿಮಿತ್ತ ಬಂದು, ಆ ವ್ಯವಹಾರ ಕೈಕೊಟ್ಟು, ಹೋಟೆಲಿನ ಹಜಾರದಲ್ಲಿ ಒಂಟಿಯಾಗಿ ನಿಂತಿದ್ದನು. ಹಜಾರದ ಒಂದು ಪಕ್ಕದಲ್ಲಿ ಪಾನಗೃಹದ ಗದ್ದಲ; ಇನ್ನೊಂದು ಪಕ್ಕದಲ್ಲಿ ಟೆಲಿಫೋನು ಮತ್ತು ಊರಿನ ಇಗರ್ಜಿಗಳ ಪಟ್ಟಿ. ತಾನು ಉಳಿಯಬೇಕಾದರೆ ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಲೇಬೇಕೆಂದು ಅವನಿಗೆ ಹೊಳೆಯಿತು. ಟೆಲಿಫೋನಿನ ಮೂಲಕ ಹುಡುಕುತ್ತ ಹೋದವನಿಗೆ ಹೆನ್ರಿಯೆಟ್ಟಾ ಸೀಬರ್ಲಿಂಗ್ ಎಂಬ ಮಹಿಳೆಯ ಮಧ್ಯಸ್ಥಿಕೆಯಿಂದ ದೊರೆತವನು ಆ ಊರಿನ ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಹಟ ಹಿಡಿದು ಬಂದಿದ್ದ ವೈದ್ಯನು ಆರು ಗಂಟೆಗಳಷ್ಟು ಹೊತ್ತು ಕುಳಿತನು. ಅದುವರೆಗೆ ಅವನಿಗೆ ಉಪದೇಶ ಮಾಡಲು ಬಂದವರು ಅನೇಕರಿದ್ದರು. ತನ್ನ ಉಳಿವಿಗಾಗಿ ಅವನ ನೆರವನ್ನು ಬೇಡಿ ಬಂದವನು ಇವನೊಬ್ಬನೇ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಆ ಭೇಟಿಯಾದ ಕೆಲವು ವಾರಗಳಲ್ಲಿಯೇ ವೈದ್ಯರ ಒಂದು ಸಮ್ಮೇಳನಕ್ಕೆ ಹೋದ ಡಾಕ್ಟರ್ ಬಾಬ್ ಮತ್ತೆ ಕುಡಿದು ಮನೆಗೆ ಬಂದನು. ಅನಂತರ ಅವನು ಕೊನೆಯ ಬಾರಿ ಮದ್ಯ ಮುಟ್ಟಿದ ದಿನವೆಂದು ನೆನೆಯಲ್ಪಡುವ 1935ರ ಜೂನ್ 10ನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್, ಎಂದರೆ ಅನಾಮಿಕ ಮದ್ಯವ್ಯಸನಿಗಳ ಕೂಟ, ತನ್ನ ಜನ್ಮದಿನವೆಂದು ಎಣಿಸುತ್ತದೆ. ಸ್ಥಾಪಕನ ಎಡವುವಿಕೆಯನ್ನು ಮರೆಮಾಡದೆ ಅದನ್ನು ದಾಟಿದ ದಿನವನ್ನೇ ಹಬ್ಬವಾಗಿಸಿಕೊಂಡ ಸಂಸ್ಥೆಗೆ, ಎಡವಿ ಬಂದವನನ್ನು ಬಾಗಿಲಲ್ಲಿ ನಿಲ್ಲಿಸುವ ಅಧಿಕಾರ ಉಳಿಯುವುದಾದರೂ ಹೇಗೆ?

1939ರಲ್ಲಿ ಈ ಕೂಟದ ಮೂಲಗ್ರಂಥ ಹೊರಬಂದಿತು. ಕೂಟಕ್ಕೆ ಈಗಿರುವ ಹೆಸರು ಅದರಿಂದಲೇ ಬಂದದ್ದು. ಹನ್ನೆರಡು ಮೆಟ್ಟಿಲುಗಳೆಂಬ ಸಾಧನಾಕ್ರಮ ಅದರಲ್ಲಿ ನಿರೂಪಿತವಾಗಿದೆ: ಮದ್ಯದ ಮುಂದೆ ತನ್ನ ಬಲ ಸಾಲದೆಂದು ಒಪ್ಪಿಕೊಳ್ಳುವುದು, ತನಗಿಂತ ಹಿರಿದಾದ ಶಕ್ತಿಯಲ್ಲಿ ಭರವಸೆಯಿಡುವುದು, ತನ್ನ ನಡತೆಯ ಲೆಕ್ಕವನ್ನು ತಾನೇ ತೆಗೆದು ಇನ್ನೊಬ್ಬರ ಮುಂದೆ ನಿವೇದಿಸುವುದು, ತನ್ನಿಂದ ನೊಂದವರಿಗೆ ಸಾಧ್ಯವಾದಷ್ಟು ಪರಿಹಾರ ಮಾಡುವುದು, ಕಡೆಯಲ್ಲಿ ತಾನು ಪಡೆದುದನ್ನು ಇತರ ವ್ಯಸನಿಗಳಿಗೆ ಮುಟ್ಟಿಸುವುದು. 1950ರಲ್ಲಿ ಹನ್ನೆರಡು ಸಂಪ್ರದಾಯಗಳೆಂಬ ಕಟ್ಟುಪಾಡುಗಳು ಅಂಗೀಕೃತವಾದುವು. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಅರ್ಹತೆ, ಹೊರಗಿನವರಿಂದ ದೇಣಿಗೆ ಸಲ್ಲದು, ಮತ, ರಾಜಕೀಯ, ಪಾನನಿಷೇಧ ಮೊದಲಾದ ಹೊರ ವಿಷಯಗಳಲ್ಲಿ ಸಂಘಕ್ಕೆ ಅಭಿಪ್ರಾಯವಿಲ್ಲ, ಹೆಸರು ಬಯಲಾಗಕೂಡದು. ಬಾಲ್ಟಿಮೋರಿನವರು ಮುಗ್ಗರಿಸಿದ ಕಲ್ಲುಗಳನ್ನು ಒಂದೊಂದಾಗಿ ದಾರಿಯಿಂದ ಎತ್ತಿಟ್ಟಂತೆ ಇವು ತೋರುತ್ತವೆ. 1951ರಲ್ಲಿ ವಿಲ್ಸನ್ನನ ಪತ್ನಿ ಲೋಯಿಸ್, ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವನ್ನು ಸಂಘಟಿಸಿದಳು. ಕುಡಿತದಿಂದ ನೋಯುವ ಹೆಂಡತಿ ಮಕ್ಕಳಿಗೂ ತಮ್ಮದೇ ಆದ ಕೊಠಡಿ ಬೇಕೆಂಬುದು ಆ ಕಾಲಕ್ಕೆ ಹೊಸ ತಿಳಿವಳಿಕೆ.

ನಮ್ಮ ನೆಲದಲ್ಲಿ

ಭಾರತಕ್ಕೆ ಈ ಕೂಟ ಬಂದದ್ದು 1957ರಲ್ಲಿ, ದೆಹಲಿಯ ಮುಖಾಂತರ. ಇಂದು ಬೆಂಗಳೂರು ಮೊದಲಾದ ನಗರಗಳಲ್ಲಿ ಇಗರ್ಜಿಯ ಪಕ್ಕದ ಕೊಠಡಿಯಲ್ಲಿಯೋ ಶಾಲೆಯ ಕೊಠಡಿಯಲ್ಲಿಯೋ ಸಂಜೆಯ ವೇಳೆ ಇದರ ಸಭೆಗಳು ಕೂಡುತ್ತವೆ. ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಬೇರೆಬೇರೆ ಗುಂಪುಗಳುಂಟು. ಸ್ಥಳ ಇಗರ್ಜಿಯದಾದ ಮಾತ್ರಕ್ಕೆ ಸಭೆ ಕ್ರೈಸ್ತರದೆಂದು ಭ್ರಮಿಸಬಾರದು. ಕಡಿಮೆ ಬಾಡಿಗೆಗೆ ಕೊಠಡಿ ಕೊಡುವವರು ಅಲ್ಲಿ ದೊರೆತರೆಂಬುದಷ್ಟೇ ಅದರ ಅರ್ಥ.

ಹಳ್ಳಿಗಾಡಿನಲ್ಲಿ ಇದೇ ಕಾರ್ಯವನ್ನು ಇನ್ನೊಂದು ದಾರಿಯಿಂದ ಕೈಗೊಂಡಿರುವುದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಅದರೊಡನೆ ದುಡಿಯುವ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯೂ. ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಊರೂರಿನ ಸಭಾಭವನಗಳಲ್ಲಿ ಸಾಮಾನ್ಯವಾಗಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರಾರ್ಥಿಗಳಿಗೆ ಅಲ್ಲಿಯೇ ವಸತಿ, ಭಜನೆ, ವ್ಯಾಯಾಮ, ಆಪ್ತಸಲಹೆ; ಕಡೆಯಲ್ಲಿ ಮಂಜುನಾಥಸ್ವಾಮಿಯ ಹೆಸರಿನಲ್ಲಿ ಸಂಕಲ್ಪ. ಮೇಲುನೋಟಕ್ಕೆ ಇದು ನಮ್ಮ ಹಳೆಯ ಆಣೆಯ ವಿಸ್ತೃತ ರೂಪವೆಂದು ಕಂಡರೆ ತಪ್ಪಿಲ್ಲ. ಆದರೆ ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳಾಗಿ ಸಂಘಟಿಸಿ ನಿಯತವಾಗಿ ಕೂಡಿಸುವ ಏರ್ಪಾಡನ್ನೂ, ನೂರು ದಿನ ಮದ್ಯ ಮುಟ್ಟದೆ ಉಳಿದವರಿಗೆ ಶತದಿನೋತ್ಸವ ನಡೆಸುವ ಪದ್ಧತಿಯನ್ನೂ ಅವರು ಬೆಳೆಸಿಕೊಂಡಿದ್ದಾರೆ. ಆಣೆಯಲ್ಲಿ ಇಷ್ಟು ಶ್ರದ್ಧೆಯುಳ್ಳ ಕ್ಷೇತ್ರವೇ ಆಣೆಯ ಬೆನ್ನಿಗೆ ಸಭೆಯನ್ನು ಇರಿಸಿಕೊಂಡಿತೆಂಬುದು ನಮ್ಮ ವಾದಕ್ಕೆ ಸಾಕಷ್ಟು ಪ್ರಬಲವಾದ ಸಾಕ್ಷ್ಯ.

ಮೂರನೆಯದು ಆಸ್ಪತ್ರೆಯ ದಾರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನಚಿಕಿತ್ಸಾ ವಿಭಾಗವಾಗಲಿ, ಕುಡಿತದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಚಿಕಿತ್ಸಾ ಪ್ರತಿಷ್ಠಾನವಾಗಲಿ, ಔಷಧವೊಂದೇ ಸಾಕೆಂದು ಹೇಳುವುದಿಲ್ಲ. ರೋಗಿಯ ಜೊತೆಗೆ ಮನೆಯವರನ್ನೂ ಕೂಡಿಸಿ ಮಾತನಾಡಿಸುವುದು, ಬಿಡುಗಡೆಯಾದ ಮೇಲೂ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವುದು ಅವರ ಕ್ರಮದ ಅಂಗಗಳು.

ಹುಡುಕುವ ಬಗೆ, ಹೋಗುವ ಬಗೆ

ಸಭೆಯನ್ನು ಹುಡುಕುವುದಕ್ಕೆ ಮುಂಚೆ ವೈದ್ಯನನ್ನು ಹುಡುಕಬೇಕಾದ ಸಂದರ್ಭಗಳುಂಟೆಂಬುದನ್ನು ಒತ್ತಿ ಹೇಳಬೇಕು. ವರ್ಷಗಟ್ಟಲೆ ದಿನವೂ ಬಹಳವಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾಹಾನಿಗಳು ತಲೆದೋರುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡು ಮೂರು ದಿನಗಳಾದ ಮೇಲೆ ಇಲ್ಲದುದು ಕಣ್ಣಿಗೆ ಕಾಣಿಸುವ, ದಿಕ್ಕುದೆಸೆ ತಿಳಿಯದಾಗುವ ಸನ್ನಿಯೂ ಬರಬಹುದು, ಅದು ಪ್ರಾಣಾಂತಿಕವೂ ಆಗಬಹುದು. ಇಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದು ಧೈರ್ಯವಲ್ಲ, ಅಜ್ಞಾನ. ಹಾಗೆಯೇ ಡೈಸಲ್ಫಿರಾಮ್ ಎಂಬ ಔಷಧವನ್ನು ರೋಗಿಗೆ ತಿಳಿಸದೆ ಅನ್ನದಲ್ಲಿ ಬೆರೆಸುವುದು ಅಪಾಯಕರ. ಅದರ ಮೇಲೆ ಮದ್ಯ ಬಿದ್ದರೆ ಶರೀರದಲ್ಲಿ ಉಂಟಾಗುವ ಪ್ರಕೋಪ ಕೆಲವೊಮ್ಮೆ ಜೀವಕ್ಕೇ ಎರವಾಗುತ್ತದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿದರೆ ಚಿಕಿತ್ಸೆಯ ದಾರಿಯೂ, ಅನೇಕ ವೇಳೆ ಹತ್ತಿರದ ಸಭೆಯ ಸುದ್ದಿಯೂ ತಿಳಿಯುತ್ತದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416. ಇವೆರಡಕ್ಕೂ ಫೋನು ಮಾಡುವವರು ಶುಲ್ಕ ತೆರಬೇಕಾಗಿಲ್ಲ.

ಅನಾಮಿಕರ ಕೂಟದ ಸಭೆಗಳಲ್ಲಿ ಎರಡು ಬಗೆ. ಮುಚ್ಚಿದ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ ಮೀಸಲು. ತೆರೆದ ಸಭೆಗೆ ಮನೆಯವರೂ, ವೈದ್ಯರೂ, ತಿಳಿಯಬಯಸುವ ಯಾರೇ ಆಗಲಿ ಹೋಗಬಹುದು. ಮೊದಲ ಬಾರಿಗೆ ಹೋಗುವವನ ಭಯ ಬಹುಮಟ್ಟಿಗೆ ಬಾಗಿಲಿನದು: ಯಾರಾದರೂ ಗುರುತು ಹಿಡಿದರೆ ಏನು ಗತಿ ಎಂಬುದು. ಗುರುತು ಹಿಡಿಯುವವನೂ ಅದೇ ಕಾರಣಕ್ಕೆ ಅಲ್ಲಿಗೆ ಬಂದಿರುತ್ತಾನೆಂಬ ಸರಳ ತರ್ಕ ಆ ಹೊತ್ತಿನಲ್ಲಿ ಮನಸ್ಸಿಗೆ ಹೊಳೆಯುವುದಿಲ್ಲ. ಒಳಗೆ ಕಾಣುವುದು ಬಹು ಸಾಮಾನ್ಯವಾದ ದೃಶ್ಯ: ಕೆಲವು ಕುರ್ಚಿಗಳು, ಒಂದು ಮೇಜು, ಚಹಾದ ಲೋಟಗಳು. ಕ್ಷಣಕಾಲ ಮೌನ, ಕೂಟದ ಉದ್ದೇಶದ ವಾಚನ. ಅನಂತರ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾನೊಬ್ಬ ಮದ್ಯವ್ಯಸನಿಯೆಂದು ನುಡಿದು, ತಮಗೆ ಆದುದನ್ನು ಹೇಳುತ್ತಾರೆ. ಇದನ್ನು ಅವರು ಶೇರಿಂಗ್ ಎನ್ನುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಮಾತನಾಡಲು ಮನಸ್ಸಿಲ್ಲದವನು ಸುಮ್ಮನೆ ಕುಳಿತು ಕೇಳಬಹುದು. ಒಂದು ಒಂದೂವರೆ ಗಂಟೆಯಲ್ಲಿ ಪ್ರಾರ್ಥನೆಯೊಡನೆ ಸಭೆ ಮುಗಿಯುತ್ತದೆ. ನಡುವೆ ಕಾಣಿಕೆಯ ಪೆಟ್ಟಿಗೆಯೊಂದು ಕೈಯಿಂದ ಕೈಗೆ ಸುತ್ತುತ್ತದೆ. ಬಾಡಿಗೆ, ಚಹಾ, ಪುಸ್ತಕಗಳ ವೆಚ್ಚ ಅದರಿಂದಲೇ ಸಾಗಬೇಕು. ಇಲ್ಲದವನು ಏನನ್ನೂ ಹಾಕಬೇಕಾಗಿಲ್ಲ.

ಇವರ ಮಾತುಗಳಲ್ಲಿ ನಮ್ಮ ಆಣೆಗೆ ನೇರವಾದ ಪ್ರತ್ಯುತ್ತರವಾಗಿ ನಿಲ್ಲುವುದು, ಇವತ್ತೊಂದು ದಿನ ಮಾತ್ರ ಎಂಬುದು. ಜನ್ಮದಲ್ಲಿ ಇನ್ನು ಮುಟ್ಟುವುದಿಲ್ಲವೆಂಬ ಘೋಷಣೆಯ ಭಾರವನ್ನು ಹೊರಲಾರದವನೂ ಈ ರಾತ್ರಿ ಮಲಗುವವರೆಗೆ ಮುಟ್ಟುವುದಿಲ್ಲವೆಂಬ ಸಣ್ಣ ಹೊರೆಯನ್ನು ಹೊರಬಲ್ಲನು. ಆ ಸಣ್ಣ ಹೊರೆಯೂ ಜಾರುವಂತೆ ತೋರಿದಾಗ ಫೋನು ಮಾಡುವುದಕ್ಕೆ ಸ್ಪಾನ್ಸರ್ ಎಂಬ ಹಿರಿಯ ಸದಸ್ಯನೊಬ್ಬನು ಇರುತ್ತಾನೆ. ಆ ಹಿರಿಯನು ಗುರುವಲ್ಲ. ಅದೇ ಹಳ್ಳಕ್ಕೆ ಬಿದ್ದು ಸ್ವಲ್ಪ ಮೊದಲು ಎದ್ದವನು. ರಾತ್ರಿ ಹನ್ನೊಂದಕ್ಕೆ ಬಂದ ಫೋನನ್ನು ಎತ್ತಿದಾಗ ಉಳಿಯುವವರು ಇಬ್ಬರು, ಏಕೆಂದರೆ ಎತ್ತಿದವನಿಗೂ ತನ್ನ ನಿನ್ನೆ ನೆನಪಾಗುತ್ತದೆ. ಏಕ್ರನ್ನಿನ ಹೋಟೆಲಿನ ಹಜಾರದಲ್ಲಿ ವಿಲ್ಸನ್ನನಿಗೆ ಹೊಳೆದದ್ದು ಇದೇ ತತ್ತ್ವ.

ಒಂದು ಸಭೆಯನ್ನು ಕಂಡು, ಇದು ನನಗಲ್ಲವೆಂದು ಹಿಂದಿರುಗುವವರಿಗೆ ಒಂದು ಮಾತು. ಗುಂಪಿನಿಂದ ಗುಂಪಿಗೆ ಭಾಷೆ, ವಯಸ್ಸು, ಮಾತಿನ ರೀತಿ ಬೇರೆಯಾಗುತ್ತವೆ. ಕೆಲವು ಸಭೆಗಳಿಗೆ ಹೋಗಿ ನೋಡಿದ ಮೇಲೆ ನಿರ್ಣಯಿಸುವುದು ವಿವೇಕ. ತನ್ನ ನಾಡಿನಿಂದ ದೂರವಿರುವ ಕನ್ನಡಿಗನಿಗೂ ಈಗ ಹಾದಿ ತೆರೆದಿದೆ: 2020ರ ಕೋವಿಡ್ ಕಾಲದಿಂದೀಚೆಗೆ ಅಂತರ್ಜಾಲದ ಮೂಲಕ ನಡೆಯುವ ಸಭೆಗಳು ಬಹಳವಾಗಿ ಹೆಚ್ಚಿವೆ.

ಫಲವೆಷ್ಟು, ಮಿತಿಯೆಲ್ಲಿ

ಇದರಿಂದ ನಿಜವಾಗಿಯೂ ಗುಣವಾಗುತ್ತದೆಯೇ ಎಂಬ ಪ್ರಶ್ನೆಗೆ ಬಹುಕಾಲ ಸಾಕ್ಷ್ಯಕ್ಕಿಂತ ಶ್ರದ್ಧೆಯೇ ಉತ್ತರ ಕೊಡುತ್ತಿತ್ತು. 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯು 27 ಅಧ್ಯಯನಗಳನ್ನೂ ಅವುಗಳಲ್ಲಿ ಪಾಲ್ಗೊಂಡ 10,565 ಮಂದಿಯ ವೃತ್ತಾಂತವನ್ನೂ ಒರೆಗೆ ಹಚ್ಚಿತು. ಅನಾಮಿಕರ ಕೂಟಕ್ಕೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ತರುವಾಯ ಮದ್ಯದಿಂದ ಪೂರ್ಣ ದೂರವಿದ್ದವರು ಶೇಕಡ 42ರಷ್ಟು, ಇತರ ಮನೋಚಿಕಿತ್ಸೆಗಳನ್ನು ಪಡೆದವರಲ್ಲಿ ಶೇಕಡ 35ರಷ್ಟು ಎಂಬುದು ಅದರ ಮುಖ್ಯ ನಿರ್ಣಯ. ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ದುಡ್ಡಿಲ್ಲದೆ ದೊರೆಯುವ ಸಭೆಗೆ ಸೇರಿಸುವ ಚಿಕಿತ್ಸೆಯು ಪಳಗಿದ ತಜ್ಞರ ಇತರ ಚಿಕಿತ್ಸೆಗಳಿಗೆ ಸರಿಗಟ್ಟಿತು, ಸ್ವಲ್ಪ ಮುಂದೆಯೂ ಹೋಯಿತು ಎಂಬುದು ಒಂದು ಓದು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಒಂದು ವರ್ಷದಲ್ಲಿ ಅದೂ ಸಾಲದೆ ಹೋಯಿತು ಎಂಬುದು ಇನ್ನೊಂದು. ಈ ಅಧ್ಯಯನಗಳು ಬಹುಪಾಲು ಅಮೆರಿಕದವೆಂಬುದನ್ನೂ ಮರೆಯಬಾರದು.

ಆಕ್ಷೇಪಗಳೂ ಇವೆ. ಹಿರಿದಾದ ಶಕ್ತಿಯ ಮಾತು ನಾಸ್ತಿಕನಿಗೆ ತೊಡಕಾಗುತ್ತದೆ. ಅವರವರ ತಿಳಿವಿನಂತೆ ಅದನ್ನು ಅರ್ಥಮಾಡಿಕೊಳ್ಳಬಹುದೆಂದು ಕೂಟ ಹೇಳಿದರೂ ಎಲ್ಲರಿಗೂ ಅದು ಒಪ್ಪಿಗೆಯಾಗದು. ಇಂಥವರಿಗಾಗಿ ಸ್ಮಾರ್ಟ್ ರಿಕವರಿ ಎಂಬ, ಮನಶ್ಶಾಸ್ತ್ರದ ನೆಲೆಯ ಸಂಘಟನೆ 1994ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ತನ್ನ ಬಲ ಸಾಲದೆಂದು ಮೊದಲೇ ಒಪ್ಪಿಕೊಳ್ಳಬೇಕೆಂಬ ಮಾತು, ಬಲವನ್ನೇ ಕಂಡರಿಯದ ಹೆಣ್ಣಿಗೆ ಯಾವ ಉಪಕಾರ ಮಾಡೀತೆಂದು ಕೇಳಿ, ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬ ಮಹಿಳೆ 1970ರ ದಶಕದಲ್ಲಿ ಸ್ತ್ರೀಯರದೇ ಆದ ಸಂಘವನ್ನು ಕಟ್ಟಿದಳು. ಈ ಕೊರತೆ ನಮ್ಮಲ್ಲಿ ಇನ್ನೂ ಕಠೋರವಾದದ್ದು. 2019ರ ಜನವರಿಯಲ್ಲಿ ಮದ್ಯನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರು ನಡೆದು ಬಂದ ಸಾವಿರಾರು ಹೆಂಗಸರ ರೂಪದಲ್ಲಿ ಹೆಣ್ಣನ್ನು ಕುಡಿತದ ಬಲಿಯೆಂದು ಕಾಣಲು ನಾವು ಒಪ್ಪುತ್ತೇವೆ. ಆಕೆಯೇ ವ್ಯಸನಿಯಾದರೆ ಅವಳು ಹೋಗಿ ಕೂರಬಹುದಾದ ಕುರ್ಚಿಯನ್ನು ಕಲ್ಪಿಸಿಕೊಳ್ಳಲು ಹಿಂಜರಿಯುತ್ತೇವೆ. ಅನಾಮಿಕತೆಯೆಂಬ ಕಟ್ಟಳೆಯೂ ನಗರದಲ್ಲಿ ಸುಲಭ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಹೆಸರು ಮರೆಯಿಸಿಕೊಳ್ಳುವುದು ಆಗದ ಮಾತು. ಅಲ್ಲಿ ನವಜೀವನ ಸಮಿತಿಯ ದಾರಿ, ಎಂದರೆ ಬಿಟ್ಟವನನ್ನು ಊರಮುಂದೆಯೇ ಗೌರವಿಸುವುದು, ಹೆಚ್ಚು ಹೊಂದಬಹುದು. ಆದರೆ ಊರಮುಂದೆ ಗೌರವ ಪಡೆದವನು ಮತ್ತೆ ಎಡವಿದಾಗ ಅವನಿಗಾಗುವ ಅವಮಾನವೂ ಊರಮುಂದಿನದೇ. ಎರಡೂ ಮಾರ್ಗಗಳಲ್ಲಿ ಕಡೆಗೆ ಪರೀಕ್ಷೆಯಾಗುವುದು, ಎಡವಿದವನನ್ನು ಸಭೆ ಮರುದಿನ ಹೇಗೆ ಬರಮಾಡಿಕೊಂಡಿತೆಂಬುದು.

ಆಣೆ ಮುರಿದವನಿಗೆ ಆಣೆಯೊಳಗೆ ಮರಳಿ ಹೊಗಲು ಬಾಗಿಲಿಲ್ಲ. ಸಭೆಗೆ ಅದು ಉಂಟು. ಸಭೆಯ ಯೋಗ್ಯತೆಯನ್ನು ಇಷ್ಟರಿಂದಲೇ ನಿಶ್ಚಯಿಸಬಹುದೆಂದು ನಮ್ಮ ಅಭಿಪ್ರಾಯ. ಆದುದರಿಂದ ಮನೆಯವರು ಮುಂದಿನ ಸಾರಿ ಆಣೆ ಕೇಳುವ ಬದಲು ಸಭೆಗೆ ಜೊತೆಯಲ್ಲಿ ಬಸ್ಸು ಹತ್ತಲಿ. ವೈದ್ಯರು ಔಷಧದ ಚೀಟಿಯ ಕೆಳಗೆ ಹತ್ತಿರದ ಸಭೆಯ ವಾರ ವೇಳೆಗಳನ್ನು ಬರೆದುಕೊಡಲಿ. ಊರಿನ ಶಾಲೆ, ಗ್ರಂಥಾಲಯ, ಸಮುದಾಯಭವನಗಳನ್ನು ನೋಡಿಕೊಳ್ಳುವವರಲ್ಲಿಯೂ ಒಂದು ವಿಜ್ಞಾಪನೆ: ಕುಡಿತ ಬಿಟ್ಟ ನಾಲ್ವರು ಬಂದು ವಾರಕ್ಕೊಂದು ಸಂಜೆ ಒಂದು ಕೊಠಡಿ ಬೇಕೆಂದು ಕೇಳಿದರೆ ಇಲ್ಲವೆನ್ನಬೇಡಿ. ಅವರು ದಾನ ಬೇಡಲು ಬಂದವರಲ್ಲ. ಬಾಡಿಗೆಯನ್ನು ತಾವೇ ಕೂಡಿಸಿ ಕೊಡುತ್ತಾರೆ. ಅವರಿಗೆ ಬೇಕಾದುದು ಬೀಗದ ಕೈ ಮಾತ್ರ.